ನಮ್ಮವರಿಲ್ಲದ ಊರಿನ ಸೀಟು

ನಮ್ಮ ಹಲ್ಲಿನ ಲೇಡಿ ಡಾಕ್ಟರು, ನಾವೆಲ್ಲ ಡಾಕ್ಟರಬಾಯಿ ಅನ್ನುವವರು, ಅವರ ಮುಂದಿನ ಹಲ್ಲುಗಳ ಮೇಲೆ ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆಗಳಿದ್ದವು. ಕುಷ್ಟಗಿಯ ಅವರ ದವಾಖಾನೆಗೆ ಮೊದಲ ಸಲ ಹೋದವರು ತಮ್ಮ ಬಾಯಿ ತೆಗೆಯುವ ಮುಂಚೆ ಅವರ ಬಾಯಿ ನೋಡುತ್ತಿದ್ದರು. ಕೆಲವರು ತಡೆಯಲಾಗದೆ ಕೇಳಿಯೂ ಬಿಡುತ್ತಿದ್ದರು. "ಬಾಯಾರ, ಮೊದಲ ನಿಮ್ಮವು ರಿಪೇರಿ ಮಾಡಿಕೊಳ್ಳಬಾರ್ದೇನ್ರಿ?"

ಅವರು ಇನ್ನೂ ಅಗಲಕ್ಕೆ ನಗುತ್ತಿದ್ದರು. "ಯಲಬುರ್ಗಾ ತಾಲ್ಲೂಕಿನ ಬೋರಿನ ನೀರು ಕುಡಿದು ಬೆಳೆದಾಕಿ ನಾನು. ಬಣ್ಣ ಹಚ್ಚಿಕೊಂಡ್ರ ಆ ನೀರು ಸುಳ್ಳಾಗತೈತೇನು? ಹಲ್ಲು ಗಟ್ಟಿ ಅದಾವ, ಸಾಕು. ನಿಮ್ಮವು ತೋರಸ್ರಿ."

ನಮ್ಮ ಹಳ್ಳಿಯಲ್ಲೂ ಅಂಥದೇ ಫ್ಲೋರೈಡಿನ ನೀರು, ಕುಡಿದವರ ಹಲ್ಲಿಗೆಲ್ಲ ಕಂದು ಕಲೆ. ಅದಕ್ಕೇ ನಮ್ಮ ಕಡೆ ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತದೆ. ಗಂಡಸರದು ಟವೆಲು, ನಮ್ಮದು ಸೆರಗು. ನಮ್ಮ ಮದುವೆ ಫೋಟೋಗಳನ್ನು ನೋಡಿದವರು ಇವರಿಗೇನು ಸೂತಕವೋ ಅನ್ನಬೇಕು, ಹಂಗೆ ಬಾಯಿ ಬಿಗಿದುಕೊಂಡು ನಿಂತಿರುತ್ತೇವೆ. ಕಲೆ ಅಂದರೆ ಹೊಲಸು ಅಂತ ತಿಳಿದು ನಾನಂತೂ ಎಳೇ ವಯಸ್ಸಿನಿಂದ ಇಟ್ಟಂಗಿ ಪುಡಿ ಹಾಕಿ ಉಜ್ಜಿದಾಕೆ. ಕಲೆ ಹೋಗಲಿಲ್ಲ, ಹಲ್ಲು ಹೋದವು. ಕಡೆಗೆ ಈ ಡಾಕ್ಟರಬಾಯಿಯ ಕೈಯಿಂದಲೇ ಹೊಸ ಹಲ್ಲಿನ ಕಟ್ಟು ಹಾಕಿಸಿಕೊಂಡೆ. ಹಲ್ಲು ಬದಲಾದರೂ ಕೈ ಬದಲಾಗಲಿಲ್ಲ. ನಕ್ಕಾಗೊಮ್ಮೆ ಸೆರಗು ಬಾಯಿಗೆ. ಅದನ್ನು ಕಂಡ ಕೂಡಲೇ ಅವರು ಚಟ್ಟನೆ ನನ್ನ ಕೈಗೆ ಹೊಡೆಯುತ್ತಿದ್ದರು. "ಹಲ್ಲು ಹೊಸಾವು ಕೊಟ್ಟೇನಿ. ಕೈಯೂ ಹೊಸಾದು ಕೊಡಬೇಕೇನಬೇ ಮುದುಕಿ?"

ಮೂರನೇತ್ತೆಗೆ ಸಾಲಿ ಬಿಟ್ಟಾಕೆ ನಾನು. ಬರೆಯಲು ಕೂತರೆ ಒತ್ತಕ್ಷರ ಒಂದು ಕಡೆ, ನಾನೊಂದು ಕಡೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಮೊಮ್ಮಗಳಿಗೆ ಹಲ್ಲಿನ ಡಾಕ್ಟರಿ ಓದಲು ಸೀಟು ಸಿಕ್ಕಿದೆ. ಸಂತೋಷದ ಕೊಡ ತುಂಬಿ ಹೊರಗೆ ಚೆಲ್ಲುತ್ತಿದೆ, ಬಿಂದಿಗೆ ಹಿಡಿಯುವವರು ಯಾರೂ ಇಲ್ಲ. ಹಿಡಿಯಬೇಕಾಗಿದ್ದ ಆ ಡಾಕ್ಟರಬಾಯಿ ಈಗ ಇಲ್ಲ. ಅದಕ್ಕೇ ಸಂತೋಷದ ಜೊತೆಗೆ ಸಿಟ್ಟೂ ಬರುತ್ತದೆ.

ಅವರ ಬೆರಳು ಯಾವಾಗಲೂ ತಣ್ಣಗೆ, ಬಾಯಲ್ಲಿ ಯಾವಾಗಲೂ ಲವಂಗ. ಬೇರೆ ಡಾಕ್ಟರರಂತೆ "ಏನೂ ಆಗಂಗಿಲ್ಲ" ಅಂತ ಒಬ್ಬರಿಗೂ ಹೇಳಿದವರಲ್ಲ. "ನೋವಾಗತೈತಿ. ಒದರ್ರಿ. ಆದ್ರ ತಲಿ ಅಲ್ಲಾಡಿಸಬ್ಯಾಡ್ರಿ" ಅನ್ನುತ್ತಿದ್ದರು. ಮಂದಿ ಒದರುತ್ತಿದ್ದರು, ತಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ನನ್ನ ಕಟ್ಟಿನ ಅಳತೆ ಕೊಡಲು ಹೋದಾಗಲೆಲ್ಲ ಜೊತೆಗೆ ಬರುತ್ತಿದ್ದ ಮೊಮ್ಮಗಳು ಇದನ್ನು ನೋಡಿ ನೋಡಿಯೇ, ಓದಿದರೆ ಇದನ್ನೇ ಓದುತ್ತೇನೆ ಅಂತ ಹಟ ಹಿಡಿದಳು.

ಮೊದಲ ವರ್ಷ ನೀಟ್ ಪರೀಕ್ಷೆ ಬರೆದಳು. ರ್‍ಯಾಂಕ್ ಬಂತು. ಸೀಟು ಬರಲಿಲ್ಲ. ಸೀಟು ಹಂಚಿಕೆಯ ಒಂದು ಸುತ್ತು, ಎರಡು ಸುತ್ತು, ಎಲ್ಲಾ ಸುತ್ತು ಮುಗಿದರೂ ಬರಲಿಲ್ಲ. ಆ ರ್‍ಯಾಂಕು ಬರುವ ವರ್ಷಕ್ಕೆ ನಡೆಯುವುದಿಲ್ಲವಂತೆ, ಮತ್ತೆ ಮೊದಲಿನಿಂದ ಓದಿ ಬರೆಯಬೇಕಂತೆ. ಜೋಳ ಕುಟ್ಟಿ, ಬೀಸಿ, ರೊಟ್ಟಿ ಬಡಿದಮೇಲೆ ಮತ್ತೆ ಬಿತ್ತಿಕೊಂಡು ಬಾ ಅಂದ ಹಾಗಾಯಿತು. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನನ್ನ ಮಗ ಸುಮ್ಮನೆ ವರ ನೋಡಲು ಶುರು ಮಾಡಿದ. ಎದುರುಮನೆಯಾಕೆ ಕಟ್ಟೆಗೆ ಬಂದು ಕೂತು ಸಮಾಧಾನ ಹೇಳಿದ್ದೇನು ಗೊತ್ತೇ?

"ಬಿಡಬೇ, ಹಲ್ಲು ಕೀಳಾಕ ಅಷ್ಟ್ಯಾಕ ಓದಬೇಕು? ಬಾಗಲಕ್ಕ ದಾರ ಕಟ್ಟಿ ಜಗ್ಗಿದ್ರ ತಾನ ಬರತೈತಿ."

ಅದೇ ಹೊತ್ತಿಗೆ ನನ್ನ ಕಟ್ಟು ಒಸಡಿಗೆ ಒತ್ತತೊಡಗಿತು, ದವಾಖಾನೆಗೆ ಹೋದೆ. ಬಾಯಿ ತೆಗೆ ಅಂದರೆ ಅಳು ಬಂತು. ಡಾಕ್ಟರಬಾಯಿ ಸ್ಟೂಲು ಎಳೆದುಕೊಂಡು ಕೂತು ಎಲ್ಲ ಕೇಳಿದರು. ರ್‍ಯಾಂಕ್ ಎಷ್ಟು ಅಂದರು, ಹೇಳಿದೆ. ಹುಬ್ಬು ಗಂಟಿಕ್ಕಿದರು.

"ಇಷ್ಟಕ್ಕ ಸಿಗಬೇಕಿತ್ತಲ್ಲ! ಕಂಪ್ಯೂಟರಿನ್ಯಾಗ ಯಾವ ಯಾವ ಊರಿನ ಕಾಲೇಜು ಹಾಕಿದ್ರಿ?"

ನಾನು ದೊಡ್ಡ ಜಾಣೆಯಂತೆ ಬೆರಳು ಮಡಚುತ್ತ ಹೇಳಿದೆ. ಧಾರವಾಡ ಹಾಕೀವಿ, ಅಲ್ಲಿ ನನ್ನ ತಂಗಿ ಅದಾಳ. ವಿಜಯಪುರ ಹಾಕೀವಿ, ಬೀಗರದಾರ. ಕಲಬುರಗಿ ಹಾಕೀವಿ, ಸೊಸಿಯ ಅಣ್ಣ ಅದಾನ.

"ಮತ್ತ?"

"ಮತ್ತೆಲ್ಲಿ ಹಾಕೋಣ್ರಿ? ಉಳಿದ ಊರಾಗ ನಮ್ಮವ್ರು ಯಾರದಾರ?"

ಅವರ ಕೈಲಿದ್ದ ಕನ್ನಡಿ ಟ್ರೇಯಲ್ಲಿ ಬಿದ್ದು ಠಣ್ಣೆಂದಿತು. "ಹೆಣ್ಣು ಕೊಡಾಕ ಹೊಂಟಿದ್ರೋ, ಓದಾಕ ಕಳಸಾಕ ಹೊಂಟಿದ್ರೋ? ಹುಳುಕು ಹಲ್ಲು ಬೀಗರ ಊರು ನೋಡಿ ಬರತೈತೇನವ್ವ?"

ಮನೆಯಲ್ಲಿ ನಾವೆಲ್ಲ ಕೂತು, ಹೆಣ್ಣುಹುಡುಗಿ ಅಂತ ಹತ್ತು ಸಲ ವಿಚಾರ ಮಾಡಿ, ನಮ್ಮವರಿರುವ ಊರುಗಳನ್ನು ಮಾತ್ರ ಆರಿಸಿಕೊಂಡಿದ್ದೆವು. ಅದು ಜೋಪಾನ ಅಂತ ತಿಳಿದಿದ್ದೆವು. ಹುಡುಗಿಯ ಓದು ಕಡಿಮೆಯಾಗಿರಲಿಲ್ಲ, ನಮಗೆ ನೆಂಟರು ಕಡಿಮೆಯಿದ್ದರು!

ಮರುದಿನವೇ ಅವರು ಮೊಮ್ಮಗಳನ್ನು ಕರೆಸಿಕೊಂಡರು. "ಮನ್ಯಾಗಿದ್ರ ದಿನಾ ಒಬ್ಬಾಕಿ ಬಂದು ವರ ಹೇಳ್ತಾಳ. ನನ್ನ ಹಿಂದಿನ ಖೋಲಿ ಖಾಲಿ ಐತಿ, ಅಲ್ಲಿ ಕುಂತು ಓದು. ಹೊರಗ ಮಂದಿ ಒದರ್ತಿರ್ತಾರ, ನಿನಗ ರೂಢಿ ಆಗ್ಲಿ." ಹುಡುಗಿ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರತೊಡಗಿದಳು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊಬೈಲಿನ ಪಾಠಕ್ಕೆ ನೆಟ್‌ವರ್ಕ್ ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ. ಅಭ್ಯಾಸದ ಪರೀಕ್ಷೆಗಳಲ್ಲಿ ಅಂಕ ಏರುವ ಬದಲು ಇಳಿದವು. ಜೊತೆಗೆ ಓದಿದ ಗೆಳತಿಯರು ಬಿಳಿ ಕೋಟು ಹಾಕಿಕೊಂಡ ಫೋಟೋ ಕಳಿಸಿದ ದಿನ ನಮ್ಮಾಕೆ ಪುಸ್ತಕಗಳನ್ನು ಚೀಲಕ್ಕೆ ತುರುಕಿ ಮೂಲೆಗೆ ಒಗೆದಳು. ನಾನು ಕೈಹಿಡಿದು ದವಾಖಾನೆಗೆ ಎಳೆದುಕೊಂಡು ಹೋದೆ.

"ಒಮ್ಮೆ ಬ್ಯಾಡ ಅಂದವ್ರ ಬಾಗಲಕ್ಕ ಮತ್ತ ಹೋಗಿ ನಿಲ್ಲಬೇಕೇನ್ರಿ? ನನಗೇನು ಮಾನ ಇಲ್ಲೇನು?" ಅಂತ ಎಲ್ಲ ಪೇಷಂಟುಗಳ ಮುಂದೆಯೇ ಅತ್ತಳು.

ಡಾಕ್ಟರಬಾಯಿ ಒಬ್ಬ ಮುದುಕನ ಬಾಯಲ್ಲಿ ಕೈಯಿಟ್ಟಿದ್ದರು. ತೆಗೆಯದೆಯೇ ಹೇಳಿದರು. "ಅವ್ರು ನಿನ್ನ ಬ್ಯಾಡ ಅಂದಿಲ್ಲ. ನಿಮ್ಮ ಮಂದಿ ಆ ಬಾಗಲಕ್ಕ ನಿನ್ನ ಕಳಿಸೇ ಇಲ್ಲ. ಅಳು, ಒದರು. ಆದ್ರ ತಲಿ ಅಲ್ಲಾಡಿಸಬ್ಯಾಡ."

ಮುದುಕ ತನಗೇ ಹೇಳಿದ್ದೆಂದು ತಿಳಿದು ಕಲ್ಲಿನಂತೆ ಕೂತ. ಅಳುತ್ತಿದ್ದ ಹುಡುಗಿಗೆ ನಗು ಬಂತು. ನಗುತ್ತ ಹಿಂದಿನ ಖೋಲಿಗೆ ಹೋದಳು. ನಾನು ಮುಂದಿನ ಬಸ್ಸಿಗೆ ಆ ಪುಸ್ತಕದ ಚೀಲ ತಂದುಕೊಟ್ಟೆ.

ಎರಡನೇ ಸಲದ ರ್‍ಯಾಂಕು ಏನೂ ಹಾರಿ ಬೀಳುವಂಥದ್ದಲ್ಲ, ಮೊದಲಿನದಕ್ಕಿಂತ ತುಸು ಛಲೋ ಅಷ್ಟೆ. ಕಂಪ್ಯೂಟರಿನಲ್ಲಿ ಕಾಲೇಜು ಹಾಕುವ ದಿನ ಡಾಕ್ಟರಬಾಯಿ ನನ್ನ ಮಗನನ್ನೇ ಕರೆಸಿ ಪಕ್ಕಕ್ಕೆ ಕೂಡಿಸಿಕೊಂಡರು. ಆಗಲೇ ಅವರ ಮುಖ ಬಿಳಿಚಿತ್ತು, ಮಾತಿನ ನಡುವೆ ಎದೆ ನೀವಿಕೊಳ್ಳುತ್ತಿದ್ದರು. ಏನಾಗೇತ್ರಿ ಅಂದರೆ "ನಾ ಹಲ್ಲಿನ ಡಾಕ್ಟರು, ಎದಿ ನನ್ನ ಖಾತೆ ಅಲ್ಲ" ಅಂದರು. ಮೈಸೂರು ಹಾಕು, ತುಮಕೂರು ಹಾಕು, ಮಂಗಳೂರು ಹಾಕು ಅನ್ನುತ್ತ ಹೋದರು. ಮಂಗಳೂರು ಬಂದಾಗ ಮಗನಿಗೆ ತಡೆಯಲಿಲ್ಲ.

"ಬಾಯಾರ, ಅದು ಸಮುದ್ರದ ದಂಡಿ. ಅಲ್ಲಿ ಜಡ್ಡು ಬಂದ್ರ ಒಂದು ತುತ್ತು ಗಂಜಿ ಕೊಡಾಕ ನಮ್ಮವ್ರು ಯಾರದಾರ್ರೀ?"

"ಈಗ ಯಾರೂ ಇಲ್ಲ. ಈಕಿ ಹೋದ್ಮ್ಯಾಲೆ ಈಕಿ ಇರ್ತಾಳಲ್ಲ? ಮುಂದ ಹೋಗೋ ಹುಡುಗ್ಯಾರಿಗೆ, ಅಲ್ಲಿ ನಮ್ಮಾಕಿ ಒಬ್ಬಾಕಿ ಅದಾಳ ಅನ್ನಾಕ ಬರತೈತಿ. ಯಾರರ ಮೊದಲ ಹೋಗಬೇಕಪ್ಪ. ಯಲಬುರ್ಗಾದಿಂದ ನಾ ಹೋದಾಗ ನನಗ ಯಾರಿದ್ರು?"

ಮಗ ತಲೆ ತಗ್ಗಿಸಿ, ಹೂಂ ಅಂದ. ಮಂಗಳೂರನ್ನೂ ಹಾಕಿದರು.

ಸೀಟು ಹಂಚುವ ಮೊದಲೇ ಅವರು ಹೋಗಿಬಿಟ್ಟರು. ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ಕೊಪ್ಪಳದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಜೀವ ಹೋಯಿತಂತೆ. ಮಣ್ಣು ಕೊಡಲು ಅವರೂರಿಗೆ ಹೋದೆವು. ಮುಚ್ಚಿದ ಆ ಬಾಯಿ ನೋಡಿ ನನಗೆ ಅಳುವಿಗಿಂತ ಸಿಟ್ಟು ಬಂತು. ಊರ ಮಂದಿಗೆಲ್ಲ ಬಾಯಿ ತೆರೀರಿ, ಬಾಯಿ ತೆರೀರಿ ಅಂದಾಕಿ, ನಿನ್ನ ನೋವನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಬಾರದಿತ್ತೇನವ್ವ? ಇನ್ನಷ್ಟು ದಿನ ತಡೆಯಬಾರದಿತ್ತೇನು?

ಸೀಟು ಬಂತು. ಮಂಗಳೂರಿನದೇ ಬಂತು. ಮೊಮ್ಮಗಳು ಮೊಬೈಲು ಹಿಡಿದು "ಅಜ್ಜೀ" ಅಂತ ಕೂಗಿದ್ದು ನಾಲ್ಕು ಓಣಿಗೆ ಕೇಳಿಸಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಡಿನೋವು ಎಲ್ಲಿ ಹೋಯಿತೋ ಏನೋ! ಸಕ್ಕರೆ ಡಬ್ಬಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಓಣಿಯ ಮನೆಮನೆಗೆ ಹೋಗಿ ಎಲ್ಲರ ಬಾಯಿಗೆ ಸಕ್ಕರೆ ಹಾಕಿದೆ. ಸಕ್ಕರೆ ಹಾಕುವಾಗ ಯಾರೂ ಬಾಯಿಗೆ ಕೈ ಅಡ್ಡ ಹಿಡಿಯುವಂತಿಲ್ಲವಲ್ಲ, ಊರಿನ ಕಂದು ಹಲ್ಲೆಲ್ಲ ಒಂದೇ ದಿನ ನೋಡಿದೆ.

ಕಡೆಗೆ ಎದುರುಮನೆಯಾಕೆ. ಸಕ್ಕರೆ ಚಪ್ಪರಿಸುತ್ತ ಕೇಳಿದಳು. "ಮಂಗಳೂರೇನು? ಅಬ್ಬಬ್ಬ, ಅಷ್ಟು ದೂರ! ಅಲ್ಲಿ ನಿಮ್ಮವ್ರು ಯಾರದಾರಬೇ?"

"ನನ್ನ ಮೊಮ್ಮಗಳದಾಳ" ಅಂದೆ. "ನಿನ್ನ ಮೊಮ್ಮಗಳನ್ನೂ ಕಳಸು, ನೋಡಿಕೊಳ್ತಾಳ."

ಹೇಳುತ್ತಲೇ ನನಗೆ ನಗು ಉಕ್ಕಿತು. ಹಾಳಾದ ಕೈ ಮತ್ತೆ ಸೆರಗು ಹಿಡಿದು ಬಾಯಿಗೆ ಹೊರಟಿತ್ತು. ಹೊಡೆಯುವವರು ಇರಲಿಲ್ಲ. ನಾನೇ ಚಟ್ಟನೆ ಹೊಡೆದುಕೊಂಡೆ.