ಗದರಪ್ಪನ ಸಾಮಾನು ಕೋಣೆ

ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಕಾಯುವವನಿಗೆ ನಾವೆಲ್ಲ ಇಟ್ಟ ಹೆಸರು ಗದರಪ್ಪ. ಪೆಟ್ಟಿಗೆ ಒಪ್ಪಿಸಿದವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಸಾಕು, ಅವನಿಗೆ ಕೋಪ ನೆತ್ತಿಗೇರುತ್ತದೆ. "ಕೊಟ್ಟ ಮೇಲೆ ಮುಗೀತು ಕಣ್ರೀ! ನೀವು ಆರಾಮಾಗಿ ಊಟ ಮಾಡ್ಕೊಂಡು ಬನ್ನಿ, ಕಾಯೋದು ನನ್ನ ಕೆಲ್ಸ." ಬೀಗ ಎಳೆದು ನೋಡಲು ಬಂದವರನ್ನಂತೂ ನೊಣ ಓಡಿಸಿದ ಹಾಗೆ ಓಡಿಸುತ್ತಾನೆ. ಭಾನುವಾರ ಚರ್ಚಿನಲ್ಲಿ ಫಾದರ್ ಪ್ರಸಂಗದ ನಡುವೆಯೂ ಅವನ ಬಾಯಿ ಸುಮ್ಮನಿರದು: "ಭಾರ ಯೇಸುಸ್ವಾಮಿ ಕೈಗೆ ಕೊಟ್ಟೋರು ಮನೆಗೆ ಹೋಗ್ತಾ ಅದನ್ನೇ ಮತ್ತೆ ಹೊತ್ಕೊಂಡು ಹೋಗ್ಬಾರ್ದು ಫಾದರ್, ಅದನ್ನೂ ಸ್ವಲ್ಪ ಹೇಳಿ!" ಹೆಂಡತಿಯ ಹೃದಯದ ಆಪರೇಷನ್ ದಿನವೂ ಅಷ್ಟೇ, ಬೆಳಿಗ್ಗೆ ಚರ್ಚಿನಲ್ಲಿ ಮೊಣಕಾಲೂರಿ ಅವಳನ್ನು ಒಂದೇ ಮಾತಿನಲ್ಲಿ ಯೇಸುಸ್ವಾಮಿಯ ಕೈಗೆ ಒಪ್ಪಿಸಿ, ಮೀಸೆ ನೀವಿಕೊಂಡು ಆಸ್ಪತ್ರೆಗೆ ಹೊರಟುಹೋದ. ಮಧ್ಯಾಹ್ನ ನಾನು ಬೆಂಚುಗಳನ್ನು ಒರೆಸುತ್ತಿದ್ದಾಗ ಚರ್ಚಿನ ಬಾಗಿಲು ಮೆಲ್ಲಗೆ ತೆರೆಯಿತು. ಟೋಪಿಯನ್ನು ಎದೆಗೊತ್ತಿಕೊಂಡು ಶಿಲುಬೆಯ ಮುಂದೆ ನಿಂತ ಗದರಪ್ಪ, "ವಾಪಸ್ ತಗೊಳ್ಳೋಕೆ ಬಂದಿಲ್ಲ ಸ್ವಾಮಿ, ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದ. ಆಮೇಲೆ ಬೈಗುಳಕ್ಕೆ ಕಾದವನಂತೆ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತ. ಅಲ್ಲಿ ಅವನನ್ನು ಯಾರೂ ಗದರಲಿಲ್ಲ.