ಬಿಗಿದು ಕಟ್ಟಿದ ಉಡಿ

ಆಂಧ್ರದ ಗಡಿಯೂರು ಆದೋನಿಗೆ ಬಂದ ಮೊದಲ ವಾರ. ನನ್ನೆದುರು ಕೂತಿದ್ದ ಹೆಂಗಸಿಗೆ ಮೂವತ್ತು ದಾಟಿರಲಿಲ್ಲ. ವೈದ್ಯರು ಎಲ್ಲ ಹೆಂಗಸರನ್ನೂ ಕೇಳುವ ಹಾಗೆ ನಾನೂ ಕೇಳಿದೆ: ಕಳೆದ ಸಲ ಮುಟ್ಟಾಗಿದ್ದು ಯಾವಾಗ? ಅವಳು ನಕ್ಕುಬಿಟ್ಟಳು.

“ಅದೆಲ್ಲಿಂದ್ರೀ ಮೇಡಂ? ಸಂಚಿ ತಗಸೀನಲ್ರಿ.”

ನಮ್ಮ ಮೈಸೂರಿನಲ್ಲಿ ಸಂಚಿ ಎಂದರೆ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಚೀಲ. ಇಲ್ಲಿ ಅದು ತೆಲುಗಿನ ಗರ್ಭಸಂಚಿ, ಅಂದರೆ ಗರ್ಭಕೋಶ. ಹುಳುಕು ಹಲ್ಲು ಕೀಳಿಸಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಅವಳ ಹಿಂದೆ ನಿಂತಿದ್ದವಳೂ ತೆಗೆಸಿದ್ದಳು. ಯಾಕೆ ಎಂದರೆ ಒಬ್ಬಳಿಗೆ ಸೊಂಟನೋವು, ಇನ್ನೊಬ್ಬಳಿಗೆ ಬಿಳಿಮುಟ್ಟು. “ಇಟ್ಕೊಂಡ್ರ ಮುಂದ ಕ್ಯಾನ್ಸರ್ ಆಗತೈತಿ ಅಂದ್ರು ಡಾಕ್ಟ್ರು” ಎಂದಳು ಮೂರನೆಯವಳು. ಹೊಸ ಊರಿನ ಬಗ್ಗೆ ಬೆರಗಿನಿಂದ ಬರೆಯಬೇಕೆಂದು ಅಂದುಕೊಂಡು ಬಂದಿದ್ದೆ. ಬೆರಗಿಗಿಂತ ಮೊದಲು ಸಿಟ್ಟು ಬಂತು, ಬಂದದ್ದು ಇನ್ನೂ ಹೋಗಿಲ್ಲ.

ನಾನು ಸರ್ಜನ್. ಥೈರಾಯ್ಡ್, ಅಡ್ರಿನಲ್ ಮುಂತಾದ ಗ್ರಂಥಿಗಳ ಶಸ್ತ್ರಚಿಕಿತ್ಸೆ ನನ್ನ ವಿಶೇಷ ಕಲಿಕೆ. ಮೈಸೂರಿನಲ್ಲಿ ನಾನಿದ್ದ ಆಸ್ಪತ್ರೆಯವರಿಗೆ ನನ್ನ ಕೈಗಿಂತ ನನ್ನ ಬಾಯಿಯ ಮೇಲೆ ಹೆಚ್ಚು ಗಮನ. ಬಾಯಿ ಜೋರು ಎಂದು ಹೆಸರಾಗಿತ್ತು. ಜಗಳವಾಡಿಕೊಂಡು ಹೊರಬಿದ್ದೆ. ಆದೋನಿಯ ಒಂದು ಆಸ್ಪತ್ರೆಗೆ ಸರ್ಜನ್ ಬೇಕಾಗಿತ್ತು. ಕನ್ನಡ ನಡೆಯುತ್ತದೆ ಎಂದರು, ಹೊರಟುಬಂದೆ.

ಕನ್ನಡ ನಡೆಯುತ್ತದೆ ನಿಜ, ಆದರೆ ನನ್ನ ಕನ್ನಡವಲ್ಲ. ಇಲ್ಲಿಯವರು ಒಂದೇ ವಾಕ್ಯದಲ್ಲಿ ಕನ್ನಡದಿಂದ ತೆಲುಗಿಗೆ ಹಾರಿ ಮತ್ತೆ ವಾಪಸು ಬರುತ್ತಾರೆ. ನಮ್ಮಲ್ಲಿ ಆಯಾಸ ಎಂದರೆ ದಣಿವು; ಇಲ್ಲಿ ಆಯಾಸಂ ಎಂದರೆ ಉಸಿರು ಕಟ್ಟುವುದು. ಮನೆ ಹುಡುಕಲು ಹೋದಾಗ ಹತ್ತಿ ವ್ಯಾಪಾರಿಗಳ ಮನೆಯ ಗೌರಮ್ಮನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಾಗಿಲಲ್ಲೇ ಕೇಳಿದರು: “ತತ್ತಿ ತಿಂತೀರೇನ್ರಿ?” ತತ್ತಿ ಎಂದರೆ ಮೊಟ್ಟೆ ಎಂದು ಗೊತ್ತಿಲ್ಲದೆ, ಏನೋ ಒಂದು ಸೊಪ್ಪಿರಬೇಕೆಂದು ಧಾರಾಳವಾಗಿ ಹೌದು ಎಂದೆ. ಆ ಮನೆ ತಪ್ಪಬೇಕಾಗಿತ್ತು. ಡಾಕ್ಟರಾದ್ದರಿಂದ ಒಂದು ಷರತ್ತಿನ ಮೇಲೆ ಮಹಡಿ ಕೊಟ್ಟರು: ತತ್ತಿ ಹೊರಗೇ ತಿಂದು ಬರಬೇಕು.

ಊಟ ಬೇಗ ಒಗ್ಗಿತು. ನಾವು ಕಡಲೆಪುರಿಯನ್ನು ಹಾಗೇ ಮುಕ್ಕುವವರು. ಇವರು ಅದನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ಉಗ್ಗಾನಿ ಎನ್ನುತ್ತಾರೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲ ದಿನ ಕಣ್ಣೀರು ಸುರಿಸುತ್ತ ತಿಂದೆ, ಈಗ ಅದಿಲ್ಲದೆ ಬೆಳಗಾಗುವುದಿಲ್ಲ. ಒಗ್ಗದೆ ಉಳಿದದ್ದು ಸಂಜೆಗಳು. ಮೈಸೂರಿನಲ್ಲಿ ಸಂಜೆ ಗಾಳಿ ಬೀಸಿದರೆ ಒಂದು ಸುತ್ತು ನಡೆದು ಬರುವ ಮನಸ್ಸಾಗುತ್ತದೆ. ಇಲ್ಲಿ ಹತ್ತಿಯ ಕಾಲದಲ್ಲಿ ಗಾಳಿಗೆ ಬಿಳಿ ಎಳೆಗಳು ಹಾರಿಬಂದು ಕಿಟಕಿಯ ಜಾಲರಿಗೆ ಅಂಟುತ್ತವೆ. ಮಹಡಿಯ ಮೇಲೆ ಒಬ್ಬಳೇ ಕೂತು ಅವನ್ನು ಕೀಳುತ್ತಿದ್ದಾಗ ಗೌರಮ್ಮನವರು ಮಜ್ಜಿಗೆ ತಂದುಕೊಟ್ಟು ಮಾತಿಗೆ ಕೂರುತ್ತಿದ್ದರು. ನಾನು ಸಂಚಿಯ ವಿಷಯ ಎತ್ತಿ ಕೂಗಾಡಿದ ದಿನ ಅವರು ಮೆಲ್ಲಗೆ, “ನಮ್ಮ ಸೊಸಿದೂ ತಗಸೇವ್ರಿ” ಎಂದರು. ಬಡವರ ಕೇರಿಯ ಕಥೆ ಎಂದುಕೊಂಡಿದ್ದೆ. ಅಲ್ಲ.

ಹುಸೇನಮ್ಮ ಬಂದದ್ದು ಹತ್ತಿಯ ಕಾಲದಲ್ಲೇ, ಆಸ್ಪರಿಯ ಆಚೆಯ ಒಂದು ಊರಿನಿಂದ. ಹೆಸರು ಕೇಳಿ ಗೊಂದಲವಾಗಬೇಡಿ, ಹಿಂದೂ ಹೆಂಗಸೇ. ಮೊಹರಮ್ಮಿನಲ್ಲಿ ಕೂರಿಸುವ ಪೀರಲ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಕ್ಕಳಿಗೆ ಇಲ್ಲಿ ಹೀಗೆ ಹೆಸರಿಡುತ್ತಾರೆ. ಜೊತೆಗೆ ಅವಳ ಅತ್ತೆ ಈರಮ್ಮ. ಸ್ಕ್ಯಾನಿನಲ್ಲಿ ಪಿತ್ತಕೋಶದಲ್ಲಿ ಕಲ್ಲುಗಳು ಕಂಡಿದ್ದವು. ನಮ್ಮ ಆಸ್ಪತ್ರೆಯ ಯಜಮಾನರು, ಅವರೂ ಸರ್ಜನ್ನರೇ, ಮರುದಿನ ಬೆಳಿಗ್ಗೆ ಪಿತ್ತಕೋಶ ತೆಗೆಯುವುದೆಂದು ನಿಶ್ಚಯಿಸಿ ನನಗೆ ವಹಿಸಿದ್ದರು. ಸಂಜೆ ವಾರ್ಡಿಗೆ ಹೋಗಿ ಅವಳ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತ, ಹೊಟ್ಟೆ ಎಲ್ಲಿ ನೋಯುತ್ತೆ ತೋರಿಸಮ್ಮ ಎಂದೆ.

“ಹೊಟ್ಟಿ ಅಷ್ಟೇನ್ ನೋಯಂಗಿಲ್ರಿ. ತಲಿ ಸಿಡೀತೈತಿ. ಗುಂಡಿಗಿ ಡಬಡಬ ಬಡಕೊಂತೈತಿ. ಮೈಯೆಲ್ಲ ಬೆವತು ತಣ್ಣಗಾಗತೈತ್ರಿ. ಸತ್ತೇ ಹೋಗ್ತೀನಿ ಅನಸತೈತಿ.”

“ಯಾವಾಗ ಹಾಗಾಗುತ್ತೆ?”

“ಹತ್ತಿ ಬಿಡಸಾಕ ಹೋದಾಗ್ರಿ. ಉಡಿ ತುಂಬಿ, ಬಗ್ಗಿದ್ನಂದ್ರ ಸುರು. ಮನ್ಯಾಗ ಏನೂ ಇಲ್ಲ. ಅದಕ್ಕ ಮೇಸ್ತ್ರಿ ನಾಟಕ ಮಾಡ್ತಾಳ, ಕೆಲಸಗಳ್ಳಿ ಅಂತಾನ.”

ಇದನ್ನೆಲ್ಲ ಬೇರೆ ಡಾಕ್ಟರಿಗೆ ಹೇಳಿದ್ದೆಯಾ ಎಂದು ಕೇಳಿದೆ. ಹೇಳಿದ್ದಳು. ಒಬ್ಬರು ಗ್ಯಾಸು ಎಂದಿದ್ದರು, ಒಬ್ಬರು ಟೆನ್ಷನ್ನು. ಉಡಿ ಎಂದರೆ ಏನು, ಹೇಗೆ ಕಟ್ಟುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಈರಮ್ಮನಿಗೆ ಹುರುಪು ಬಂತು.

“ತಾಳ್ರಿ, ತೋರಸ್ತೀನಿ.” ಮಂಚದ ಮೇಲಿನ ದುಪ್ಪಟಿ ಎಳೆದು ಸೊಸೆಯ ಹೊಟ್ಟೆಯ ಮುಂದೆ ಜೋಳಿಗೆಯಂತೆ ಮಡಿಸಿ, ಹತ್ತಿಯ ಬದಲು ದಿಂಬು ತುರುಕಿ, ತುದಿಗಳನ್ನು ಬೆನ್ನ ಹಿಂದೆ ತಂದು ಗಂಟು ಹಾಕಿದಳು. “ಸಂಚಿ ತಗದ ಹೊಟ್ಟಿ ಖಾಲಿ ಇರತೈತಿ ನೋಡ್ರಿ. ಗಾಳಿ ಹೊಕ್ಕೊಂತೈತಿ. ಸಡ್ಲ ಬಿಡಬಾರ್ದು. ದಿನಾ ನಾನೇ ಬಿಗಿ ಮಾಡಿ ಕಟ್ತೀನಿ.” ಹೀಗೆನ್ನುತ್ತ ಮೈಯ ಭಾರವನ್ನೆಲ್ಲ ಹಾಕಿ ಗಂಟನ್ನು ಜಗ್ಗಿದಳು. ಹುಸೇನಮ್ಮ ಹತ್ತಿ ಬಿಡಿಸುವವಳ ಹಾಗೆ ನನಗೆ ಬಗ್ಗಿ ತೋರಿಸಿದಳು.

ನನ್ನ ಕಣ್ಣೆದುರಿಗೇ ಅವಳ ಮುಖದ ರಕ್ತ ಇಳಿದುಹೋಯಿತು. ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂತು. ಪಟ್ಟಿ ಇನ್ನೂ ತೋಳಿನಲ್ಲೇ ಇತ್ತು. ಗಾಳಿ ಒತ್ತಿ ನೋಡಿದರೆ ರಕ್ತದೊತ್ತಡ ವಿಪರೀತ ಮೇಲೆ ಹೋಗಿತ್ತು. “ಬಿಚ್ಚಿ! ಮೊದಲು ಬಿಚ್ಚಿ!” ಎಂದು ಕಿರುಚಿದೆ. ಗಂಟು ಬಿಚ್ಚಿ ಮಲಗಿಸಿ, ಔಷಧ ಕೊಟ್ಟು ಕಾದೆವು. ನಿಧಾನವಾಗಿ ಇಳಿಯಿತು.

ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವುದು ಅಡ್ರಿನಲ್ ಗ್ರಂಥಿ. ಹೆದರಿದಾಗ ನಮ್ಮ ಎದೆ ಬಡಿಯುವಂತೆ ಮಾಡುವ ರಸ ಅದರದ್ದು. ಅಲ್ಲಿ ಒಂದು ಬಗೆಯ ಅಪರೂಪದ ಗಡ್ಡೆ ಬೆಳೆದರೆ, ಹೆದರಿಕೆ ಇಲ್ಲದೆಯೂ ಆ ರಸ ರಕ್ತಕ್ಕೆ ಸುರಿಯುತ್ತದೆ. ಹೊಟ್ಟೆ ಅದುಮಿದರೆ ಸುರಿಯುತ್ತದೆ, ಬಗ್ಗಿದರೆ ಸುರಿಯುತ್ತದೆ. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ಕೈಹಾಕಿದರೆ ರೋಗಿ ಟೇಬಲ್ಲಿನ ಮೇಲೇ ಸಾಯಬಹುದು. ಮರುದಿನ ಬೆಳಿಗ್ಗೆ ನಾನು ಮಾಡಬೇಕಾಗಿದ್ದುದು ಅದನ್ನೇ.

ಮತ್ತೆ ಮತ್ತೆ ಅವಳ ನಾಡಿ ಹಿಡಿದು ನೋಡುತ್ತಿದ್ದೆ. ಈರಮ್ಮ ನನ್ನನ್ನು ಸಮಾಧಾನ ಮಾಡಲು ಹೊರಟಳು. “ಇದೇನ್ ಹೊಸದಲ್ರಿ. ಸಂಚಿ ತಗಿಯಾಗ ಆಕಿ ಗುಂಡಿಗಿ ನಿಂತೇ ಹೋಗಿತ್ತಂತ. ದೇವರು ದೊಡ್ಡಾವ, ಬದುಕಿದ್ಲು ಅಂದ್ರು ಡಾಕ್ಟ್ರು.”

“ಸಂಚಿ ಯಾಕೆ ತೆಗೆದರು?”

“ಇದಕ್ಕೇರಿ. ಗುಂಡಿಗಿ ಬಡಕೊಂತೈತಿ, ಬೆವರತೈತಿ ಅಂತ ಹೋದ್ವಿ. ಸಂಚಿ ಕೆಟ್ಟೈತಿ ಅಂದ್ರು.”

ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೂ ಅದೊಂದರ ಮಾತಲ್ಲ. ಎದೆ ಬಡಿಯುತ್ತದೆ ಎಂದು ಬಂದವಳ ಗರ್ಭಕೋಶವನ್ನು ಕತ್ತರಿಸಿದರು. ಕತ್ತರಿಸುವಾಗ ಅವಳ ಹೃದಯ ನಿಂತಿತು. ಆಗಲಾದರೂ ಯಾಕೆ ನಿಂತಿತು ಎಂದು ಒಬ್ಬರಾದರೂ ತಮ್ಮನ್ನು ತಾವು ಕೇಳಿಕೊಳ್ಳಬೇಡವೇ? ದೇವರ ಮೇಲೆ ಹೊರಿಸಿ ಕೈತೊಳೆದುಕೊಂಡರು. ಓದಿದ್ದು ಏನನ್ನು, ಕತ್ತರಿ ಹಿಡಿಯುವುದನ್ನೇ?

ಸಿಟ್ಟು ಹೊರಗೆ ಬಂದದ್ದು ತಪ್ಪು ಜಾಗದಲ್ಲಿ. ಈರಮ್ಮನ ಕಡೆ ತಿರುಗಿ, “ನೀವು ದಿನಾ ಬಿಗೀತಿದ್ದ ಆ ಗಂಟೇ ಇವಳ ಪ್ರಾಣ ತೆಗೀತಿತ್ತು” ಎಂದುಬಿಟ್ಟೆ. ಆಕೆ ನೆಲದ ಮೇಲೆ ಕುಸಿದು ಕೂತಳು. “ಆಕಿ ನಡ ಗಟ್ಟಿ ಇರ್ಲೆಂತ ಕಟ್ಟಿದ್ನವ್ವಾ” ಎಂದಳು. ಹುಸೇನಮ್ಮ ಮಲಗಿದಲ್ಲಿಂದಲೇ ಕೈ ಚಾಚಿ ಅತ್ತೆಯ ತಲೆ ಮುಟ್ಟಿದಳು. ನನ್ನ ಮುಖ ಎಲ್ಲಿಡಲಿ ಎನಿಸಿತು.

ಯಜಮಾನರ ಕೋಣೆಗೆ ಹೋಗಿ, ನನ್ನ ಅನುಮಾನ ಹೇಳಿ, ನಾಳೆಯ ಆಪರೇಷನ್ ನಿಲ್ಲಿಸಬೇಕು ಎಂದೆ. ಅವರು ಕನ್ನಡಕ ಒರೆಸುತ್ತ, “ಮೇಡಂ, ನೀವು ದೊಡ್ಡೂರಾಗ ಓದಿ ಬಂದೀರಿ. ಆ ಜಬ್ಬು ಎಲ್ಲೋ ಒಬ್ಬರಿಗೆ ಬರೋದು” ಎಂದರು. ಜಬ್ಬು ಎಂದರೆ ರೋಗ. “ಇಲ್ಲಿ ಹೆಣ್ಮಕ್ಕಳು ಎಲ್ಲಾರೂ ಗುಂಡಿಗಿ ಬಡಕೊಂತೈತಿ ಅಂತಾರ. ಎಷ್ಟು ಮಂದಿದು ನಂಬ್ತೀರಿ?”

“ಎಲ್ಲರದ್ದೂ” ಎಂದೆ. “ನಂಬದೆ ಇದ್ದದ್ದಕ್ಕೇ ಈ ಊರಲ್ಲಿ ಯಾರ ಹೊಟ್ಟೇಲೂ ಏನೂ ಉಳಿದಿಲ್ಲ.” ಕಾರಿಡಾರಿನ ಕೊನೆಯವರೆಗೂ ಕೇಳಿಸಿರಬೇಕು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಡಾಕ್ಟರ್ ಖಾದರ್ ಒಳಗೆ ಬಂದರು. ಅರಿವಳಿಕೆ ಕೊಡುವವರು, ಇದೇ ಊರಿನವರು, ಸದ್ದಿಲ್ಲದ ಮನುಷ್ಯ. “ನಕ್ಕೋ ಸರ್” ಎಂದರು, ಬೇಡ ಎನ್ನುವುದಕ್ಕೆ ಇಲ್ಲಿಯ ಉರ್ದು. “ಈ ಪೇಷಂಟಿಗೆ ನಾಳೆ ನಾ ಮತ್ತು ಕೊಡಂಗಿಲ್ಲ.” ಅರಿವಳಿಕೆಯ ಮತ್ತು ಕೊಡದೆ ಕತ್ತರಿ ಆಡುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಮೈಸೂರಿನಲ್ಲಿ ಹೀಗೆಲ್ಲ ಆಗುತ್ತಿರಲಿಲ್ಲ ಎಂದು ಬರೆದರೆ ನಿಮಗೆ ಹಿತವಾಗುತ್ತದೆ. ಹಿತಪಡಿಸುವ ಮನಸ್ಸಿಲ್ಲ. ಅಲ್ಲಿ ನಾನು ಕಂಡ ಒಬ್ಬ ಕಾಲೇಜು ಅಧ್ಯಾಪಕಿಗೂ ಇದೇ ಗಡ್ಡೆ ಇತ್ತು. ಟೆನ್ಷನ್ ಎಂದು ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗಿಸಿದ್ದರು. ಆದರೆ ಆಕೆ ಇಂಗ್ಲಿಷಿನಲ್ಲಿ ‘ಯಾಕೆ’ ಎಂದು ಕೇಳಬಲ್ಲವರಾಗಿದ್ದರು. ಅದಕ್ಕೇ ಮಾತ್ರೆಯ ಮಟ್ಟಿಗೆ ನಿಂತಿತು, ಯಾರೂ ಗರ್ಭಕೋಶಕ್ಕೆ ಕೈಹಾಕಲಿಲ್ಲ. ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಇಷ್ಟೇ.

ಬೆಂಗಳೂರಿಗೆ ಕಳಿಸಿದ ರಕ್ತಪರೀಕ್ಷೆ, ಆಮೇಲೆ ದೊಡ್ಡ ಸ್ಕ್ಯಾನು, ಎರಡೂ ನನ್ನ ಅನುಮಾನವನ್ನೇ ಹೇಳಿದವು. ಗಡ್ಡೆ ಇದ್ದದ್ದು ಎಡಗಡೆ, ನಿಂಬೆಹಣ್ಣಿನಷ್ಟು ದೊಡ್ಡದು. ತಕ್ಷಣ ತೆಗೆಯುವಂತಿಲ್ಲ. ರಕ್ತನಾಳಗಳನ್ನು ಸಡಿಲಗೊಳಿಸುವ ಮಾತ್ರೆ ಕೊಟ್ಟು, ಊಟದ ಉಪ್ಪನ್ನೂ ಕುಡಿಯುವ ನೀರನ್ನೂ ಹೆಚ್ಚಿಸಿ, ಕೆಲವು ವಾರ ಮೈಯನ್ನು ಅಣಿಗೊಳಿಸಬೇಕು. ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು. ಮೇಸ್ತ್ರಿ ಹೇಳಿಕಳಿಸುತ್ತಲೇ ಇದ್ದ. ಊರಿಗೆ ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ನನಗೆ ದಿಗಿಲು. ಈರಮ್ಮ ಹೋಗಲಿಲ್ಲ. ಯಾರಾದರೂ ಸೊಸೆಯ ಮಂಚದ ಬಳಿ ಬಂದರೆ, “ಹೊಟ್ಟಿ ಮುಟ್ಟಬ್ಯಾಡ್ರಿ” ಎಂದು ಗದರುತ್ತಿದ್ದಳು. ನನ್ನನ್ನೂ ಒಮ್ಮೆ ಗದರಿದಳು.

ಆಪರೇಷನ್ ಕರ್ನೂಲಿನ ದೊಡ್ಡ ಆಸ್ಪತ್ರೆಯಲ್ಲಿ ಆಯಿತು. ಅಲ್ಲಿಯವರು ನನಗೂ ಖಾದರ್ ಅವರಿಗೂ ಜಾಗ ಬಿಟ್ಟುಕೊಟ್ಟರು. ನನ್ನ ಬೆರಳು ಗಡ್ಡೆಗೆ ತಾಕಿದ ಕೂಡಲೇ ತಲೆಯ ಕಡೆಯಿಂದ ಖಾದರ್, “ತಡೀರಿ ಮೇಡಂ, ಕೈ ತಗೀರಿ” ಎನ್ನುವರು. ತೆಗೆದು ನಿಲ್ಲುವೆ. ಅವರು ಔಷಧ ಹರಿಸುವರು, ಒತ್ತಡ ಇಳಿಯುವುದು, “ಈಗ” ಎನ್ನುವರು. ಗಡ್ಡೆಯಿಂದ ಬರುವ ರಕ್ತನಾಳವನ್ನು ಕಟ್ಟಿದ ಮೇಲೆ ಒತ್ತಡ ದಡಕ್ಕನೆ ಬಿತ್ತು. ಖಾದರ್ ಒಂದರ ಹಿಂದೊಂದು ಔಷಧ ಹರಿಸಿದರು. ಮೆಲ್ಲಗೆ ಮೇಲೆ ಬಂತು, ನಿಂತಿತು. ಮಾಸ್ಕಿನೊಳಗೆ ನಾನು ಅತ್ತೆ. ಸಂತೋಷಕ್ಕೋ ಸಿಟ್ಟಿಗೋ ಬೇರ್ಪಡಿಸಲಾರೆ.

ಹುಸೇನಮ್ಮ ಎದ್ದು ಕೂತ ದಿನ ಈರಮ್ಮ ಉಗ್ಗಾನಿ ತರಿಸಿ ನನಗೆ ತಿನ್ನಿಸಿದಳು. ವಾರ್ಡಿನವರಿಗೆಲ್ಲ “ನಮ್ಮ ಮೇಡಂ” ಎಂದು ತೋರಿಸಿದಳು. ಹುಸೇನಮ್ಮ ತನ್ನ ಎಡಪಕ್ಕೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

“ಗಡ್ಡಿ ಇದ್ದದ್ದು ಇಲ್ಲೇನ್ರಿ, ಮ್ಯಾಲೆ?”

“ಹೂಂ.”

“ಮೊದ್ಲಿಂದ್ಲೂ ಇದೇನಾ? ಗುಂಡಿಗಿ ಬಡಕೊಂಡಿದ್ದು, ಬೆವತಿದ್ದು, ಎಲ್ಲಾ?”

“ಎಲ್ಲಾ ಇದರಿಂದಲೇ.”

ಅವಳು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು. ಅವಳಿಗೆ ಒಬ್ಬಳೇ ಮಗಳು. ಇನ್ನೊಂದು ಮಗು ಬೇಕೆಂದು ಪೀರಲ ದೇವರಿಗೆ ಹೇಳಿಕೊಂಡಿದ್ದಳಂತೆ.

“ಹಂಗಾದ್ರ ನನ್ನ ಸಂಚಿ ಯಾಕ ತಗದ್ರಿ ನೀವು?”

“ಏಯ್, ಈ ಮೇಡಂ ಅಲ್ಲಲೇ” ಎಂದು ಈರಮ್ಮ ಗಾಬರಿಯಾದಳು. “ಅವರು ಬ್ಯಾರೆ.”

“ಬ್ಯಾರೆ ಏನು?” ಎಂದಳು ಹುಸೇನಮ್ಮ, ನನ್ನ ಮುಖವನ್ನೇ ನೋಡುತ್ತ. “ಎಲ್ಲಾ ಡಾಕ್ಟ್ರೇ ಅಲ್ಲೇನು?”

ಬಾಯಿ ಜೋರು ಎಂದು ಹೆಸರಾದ ನಾನು ಅವಳ ಕೇಸ್ ಹಾಳೆ ಎತ್ತಿಕೊಂಡು ಅಂದಿನ ರಕ್ತದೊತ್ತಡ ಬರೆಯತೊಡಗಿದೆ.

ಮೈಸೂರಿನ ಆಸ್ಪತ್ರೆಯವರು ಈಗ ವಾಪಸು ಕರೆಯುತ್ತಿದ್ದಾರೆ. ಅಮ್ಮ ಫೋನಿನಲ್ಲಿ, “ಸಾಕು, ಬಂದ್ಬಿಡೇ” ಎನ್ನುತ್ತಾಳೆ. ಹೋದ ಸಲ ಊರಿಗೆ ಹೋದಾಗ ಬಾಯಿತಪ್ಪಿ ‘ಐತಿ’ ಎಂದೆ. ಅಕ್ಕನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಲ್ಲಿ ನಾನು ಆದೋನಿಯವಳಾಗಿಬಿಟ್ಟಿದ್ದೇನೆ. ಇಲ್ಲಿ ಗೌರಮ್ಮನವರು ಮೊನ್ನೆ, ತತ್ತಿ ಮನೆಯಲ್ಲೇ ಬೇಯಿಸಿಕೊಳ್ಳಿ, ನೀವು ನಮ್ಮೋರು ಎಂದರು. ಆ ಮಾತಿಗೆ ಕರಗಿದೆ. ಆದರೆ ಯಾರು ನಮ್ಮೋರು ಎಂದರೂ ಹುಸೇನಮ್ಮನ ‘ನೀವು’ ಕಿವಿಯಲ್ಲಿ ಕೂತಿದೆ. ಈ ಊರಿನ ಹೆಂಗಸರ ಜೊತೆ ನಿಂತಿದ್ದೇನೆ ಎಂದು ನಾನು ತಿಳಿದುಕೊಂಡಿದ್ದೆ. ಅವಳಿಗೆ ನಾನು ಕಂಡದ್ದು ಡಾಕ್ಟರುಗಳ ಕಡೆ ನಿಂತವಳಾಗಿ. ಮೈಸೂರಿಗೆ ಹೋದರೂ ಆ ಕಡೆಯಿಂದ ನನಗೆ ಬಿಡುಗಡೆಯಿಲ್ಲ.

ಇವತ್ತು ಬೆಳಿಗ್ಗೆ ಆಲೂರಿನಿಂದ ಒಬ್ಬಳು ಬಂದಿದ್ದಳು. ಎಳೆಯ ಮುಖ, ಕಂಕುಳಲ್ಲಿ ಮಗು. ಕೂರುವ ಮೊದಲೇ, “ಸೊಂಟ ಭಾಳ ನೋಯತೈತ್ರಿ ಮೇಡಂ, ಸಂಚಿ ತಗದುಬಿಡ್ರಿ” ಎಂದಳು. ಯಾಕೆ ಎಂದು ಕೇಳಿದೆ.

“ಯಾಕಂದ್ರ? ನೀವೇ ಅಲ್ಲೇನ್ರಿ ಎಲ್ಲಾರದೂ ತಗಿಯೋದು?”