ಓದೋಳಿಗಿಂತ ವಾಸಿ

ಗೆಳತಿಯರೇ, ಇವತ್ತು ಶ್ರೀರಂಗಪಟ್ಟಣದ ಕೋಟೆಯಲ್ಲಿ ನನ್ನ ಹೊಟ್ಟೆ ಧಗಧಗ ಉರಿಯಿತು! ಜಟಕಾದಲ್ಲಿ ಸುತ್ತಿಸಿ ಬುರುಜು, ಸೆರೆಮನೆ ಎಲ್ಲ ತೋರಿಸಿದ ಮೇಲೆ ನಮ್ಮ ಯಜಮಾನರು, "ಯಾರಿಗೂ ಗೊತ್ತಿಲ್ಲದ ಜಾಗ ಒಂದಿದೆ, ನಿನಗೆ ಮಾತ್ರ" ಎಂದು ಗೋಡೆಯ ಸಂದಿಯಿಂದ ಹೊಳೆಗಿಳಿಯುವ ಮುರುಕಲು ಮೆಟ್ಟಿಲಿಗೆ ಕರೆದೊಯ್ದರು. ಎಷ್ಟು ಚೆಂದ, ಎಷ್ಟು ತಂಪು! ನಾನು ಕರಗಿಹೋದೆ.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಅಜ್ಜಿ ನನ್ನನ್ನು ದಿಟ್ಟಿಸಿ, "ಓದೋಳಿಗಿಂತ ಇವ್ಳೇ ವಾಸಿ ಬುಡಪ್ಪಾ" ಎಂದಳು.

ನನಗೆ ರೋಷ ಬಂತು. "ನಾನೂ ಓದಿದೋಳೇ ಅಜ್ಜಿ, ಕಾನ್ವೆಂಟಿನಲ್ಲಿ!"

ಅಜ್ಜಿ ಬಿದ್ದು ಬಿದ್ದು ನಕ್ಕಳು. "ಪುಸ್ತಕ ಓದೋಳಲ್ಲ ಕಣವ್ವಾ! ಓದ್ ವರ್ಸ ಇಲ್ಲಿಗೆ ಬಂದು ಓದೋಳು, ಬೂಕನಕೆರೆ ಎಣ್ಣು!"

ಇಲ್ಲಿಯವರ ಬಾಯಲ್ಲಿ ಹೋದವಳೂ ಓದುತ್ತಾಳೆ ಎಂದು ನನಗೇನು ಗೊತ್ತು!

ಯಜಮಾನರ ಕಿವಿ ಕೆಂಪಾಯಿತು. "ಅದು ಕೂಡಿಬರದ ಸಂಬಂಧ ಕಣೇ. ಅವರ ಮನೆಯವರೆಲ್ಲ ಜೊತೇಲೇ ಇದ್ರು."

ಅಂದರೆ ಈ ಗುಟ್ಟು ಒಂದಿಡೀ ದಿಬ್ಬಣಕ್ಕೆ ಗೊತ್ತು!

"ಅವಳು ಈ ಮೆಟ್ಟಿಲು ಹೇಗೆ ಹತ್ತಿದಳು?" ಎಂದು ಅಜ್ಜಿಯನ್ನೇ ಕೇಳಿದೆ.

"ಜಿಂಕೆ ಅಂಗೆ ಅತ್ಬುಟ್ಲು."

ನಾನು ಯಜಮಾನರ ಕೈ ಕೊಡವಿ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲೇ ಎರಡೆರಡು ಮೆಟ್ಟಿಲು ಹಾರಿದೆ. ಈಗ ಉಳುಕಿದ ಕಾಲಿಗೆ ಅವರೇ ಎಣ್ಣೆ ತಿಕ್ಕುತ್ತಿದ್ದಾರೆ. ಆ ಜಿಂಕೆಗೆ ಈ ಭಾಗ್ಯ ಎಲ್ಲಿತ್ತು?